ಕಲ್ಲಿನ ರಥದ ಚಕ್ರ ದುಂಡಗೇ ಉಳಿಯಬೇಕು: ಗಾದೆ ಆ್ಯಪ್‌ನ ಹಿನ್ನೆಲೆ ಚಿತ್ರದ ಕೆಲಸ

ದಿನಕ್ಕೊಂದು ಗಾದೆ ತೋರಿಸುವ ನನ್ನ ಆಂಡ್ರಾಯ್ಡ್ ಆ್ಯಪ್‌ಗೆ, ಹಂಪಿಯ ವಿಠಲ ದೇವಾಲಯದಲ್ಲಿ ನಾನೇ ತೆಗೆದ ಕಲ್ಲಿನ ರಥದ ಫೋಟೊವನ್ನು 1080×1920 ಪಿಕ್ಸೆಲ್‌ಗೆ ಕತ್ತರಿಸಿ ಹಿನ್ನೆಲೆಯಾಗಿ ಇಟ್ಟಿದ್ದೆ. ನನ್ನ ಹಳೆಯ ಫೋನಿನಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು. ಹೋದ ವಾರ ಅಣ್ಣನ 1080×2400 ಪರದೆಯ ಫೋನಿನಲ್ಲಿ ತೆರೆದು ನೋಡಿದರೆ ರಥದ ಚಕ್ರ ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಚಿತ್ರವನ್ನು ಪರದೆಯ ನಾಲ್ಕು ಅಂಚಿಗೂ ಎಳೆದು ಕೂರಿಸುವ ‘ಫಿಟ್‌ಎಕ್ಸ್‌ವೈ’ ಎಂಬ ಆಯ್ಕೆಯನ್ನು ಬಳಸಿದ್ದರಿಂದ ಅಗಲ ಇದ್ದಷ್ಟೇ ಇದ್ದು, ಎತ್ತರ ಮಾತ್ರ ಒಂದೂಕಾಲು ಪಟ್ಟಾಗಿತ್ತು. ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಎಲ್ಲರೂ ಕಂಡಿರುವ ರಥವಿದು. ಅದರ ಚಕ್ರ ಸೊಟ್ಟಗಾದರೆ ನನಗಂತೂ ಸಹಿಸಲಾಗುವುದಿಲ್ಲ.

‘ಸೆಂಟರ್‌ಕ್ರಾಪ್’ ಆಯ್ಕೆಗೆ ಬದಲಾಯಿಸಿದೆ. ಇದು ಅಗಲ, ಎತ್ತರ ಎರಡನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿ, ಪರದೆಯಿಂದ ಹೊರಗುಳಿದದ್ದನ್ನು ಕತ್ತರಿಸುತ್ತದೆ. ಚಕ್ರವೇನೋ ದುಂಡಗಾಯಿತು, ಆದರೆ 1350 ಪಿಕ್ಸೆಲ್‌ಗೆ ಹಿಗ್ಗಿದ ಚಿತ್ರದ ಎರಡೂ ಬದಿಯಲ್ಲಿ ತಲಾ 135 ಪಿಕ್ಸೆಲ್ ಕತ್ತರಿಸಿಹೋಗಿ, ಎಡ ಅಂಚಿಗೆ ಒತ್ತಿಕೊಂಡಂತಿದ್ದ ಆನೆಯ ಸೊಂಡಿಲು ಮಾಯವಾಯಿತು.

ಆದ್ದರಿಂದ ಮೂಲ ಫೋಟೊಗೇ ಹಿಂದಿರುಗಿ, ಸುತ್ತಲಿನ ಆಕಾಶ, ನೆಲ ಮತ್ತು ಮಂಟಪಗಳನ್ನು ಧಾರಾಳವಾಗಿ ಉಳಿಸಿಕೊಂಡು 1600×2560ರ ಚಿತ್ರವನ್ನು ಮಾಡಿಕೊಂಡೆ. ಪೂರ್ಣ ಎತ್ತರ ಕಾಣುವ 20:9ರ ಫೋನಿನಲ್ಲಿ ಇದರ ನಡುವಿನ 1152 ಪಿಕ್ಸೆಲ್ ಅಗಲ ಮಾತ್ರ ಉಳಿಯುತ್ತದೆ. ಪೂರ್ಣ ಅಗಲ ಕಾಣುವ 4:3ರ ಟ್ಯಾಬ್ಲೆಟ್‌ನಲ್ಲಿ ನಡುವಿನ 2133 ಪಿಕ್ಸೆಲ್ ಎತ್ತರ ಉಳಿಯುತ್ತದೆ. ಈ ಎರಡೂ ಅಳತೆಗಳು ಸೇರುವ ಚೌಕಟ್ಟನ್ನು ಚಿತ್ರದ ಮೇಲೆ ಕೆಂಪು ಗೆರೆಯಿಂದ ಗುರುತಿಸಿ, ರಥವೂ ಎರಡು ಆನೆಗಳೂ ಅದರೊಳಗೇ ಬರುವಂತೆ ಮತ್ತೆ ಕತ್ತರಿಸಿದೆ. ಈ ಗೆರೆ ಎಳೆಯುವ ಕೆಲಸವನ್ನು ಮೊದಲ ದಿನವೇ ಮಾಡಬೇಕಿತ್ತು.

ಇನ್ನೊಂದು ತಪ್ಪು ಕಣ್ಣಿಗೆ ಕಾಣದಂಥದ್ದು. ಚಿತ್ರವನ್ನು ನಾನು, ಆ್ಯಪ್‌ನ ಚಿತ್ರಗಳಿಗೆಂದೇ ಇರುವ ಸಾದಾ ‘ಡ್ರಾಯಬಲ್’ ಫೋಲ್ಡರಿನಲ್ಲಿ ಇಟ್ಟಿದ್ದೆ. ಅಲ್ಲಿರುವುದನ್ನು ಆಂಡ್ರಾಯ್ಡ್ 160 ಡಿಪಿಐ (ಇಂಚಿಗೆ 160 ಚುಕ್ಕಿ) ಪರದೆಗಾಗಿ ಮಾಡಿದ್ದೆಂದು ಭಾವಿಸಿ, 480 ಡಿಪಿಐ ಫೋನಿನಲ್ಲಿ ಮೂರು ಪಟ್ಟು ಹಿಗ್ಗಿಸುತ್ತದೆ. ಪಿಕ್ಸೆಲ್‌ಗೆ 4 ಬೈಟ್‌ನಂತೆ ಸುಮಾರು 8 ಎಂಬಿ ಹಿಡಿಯಬೇಕಿದ್ದ ಹಳೆಯ ಚಿತ್ರ, ಮೆಮೊರಿಯಲ್ಲಿ 75 ಎಂಬಿಯಷ್ಟು ಜಾಗ ತಿನ್ನುತ್ತಿತ್ತು. ಕಂಪ್ಯೂಟರಿನಲ್ಲಿ ಫೋನನ್ನು ಅನುಕರಿಸುವ ಎಮ್ಯುಲೇಟರನ್ನು 640 ಡಿಪಿಐಗೆ ಹೊಂದಿಸಿದಾಗ ಅದು 132 ಎಂಬಿ ದಾಟಿ, ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಂಡಿತು. ವೆಬ್‌ಪಿ ಎಂಬ ಚಿತ್ರ ಮಾದರಿಗೆ ಬದಲಾಯಿಸಿ ಫೈಲನ್ನು ಚಿಕ್ಕದು ಮಾಡಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಮೆಮೊರಿಯ ಲೆಕ್ಕ ಬಿಚ್ಚಿದ ಚಿತ್ರದ ಪಿಕ್ಸೆಲ್‌ಗಳದ್ದೇ ಹೊರತು ಫೈಲಿನ ತೂಕದ್ದಲ್ಲ. ಹೊಸ ಚಿತ್ರವನ್ನು, ಪರದೆಯ ಡಿಪಿಐ ಲೆಕ್ಕಿಸದ ‘ಡ್ರಾಯಬಲ್-ನೋಡಿಪಿಐ’ ಫೋಲ್ಡರಿಗೆ ಹಾಕಿದ ಮೇಲೆ ಈ ಹಿಗ್ಗಿಸುವಿಕೆ ನಿಂತಿತು. ಈಗ ಅದು ಸುಮಾರು 16 ಎಂಬಿ ಹಿಡಿಯುತ್ತದೆ. 720×1280ರ ಹಳೆಯ ಫೋನುಗಳಲ್ಲಿ ಅರ್ಧ ಅಳತೆಗೆ ಇಳಿಸಿಯೇ ಓದಿಕೊಳ್ಳುವುದರಿಂದ ಅಲ್ಲಿ 4 ಎಂಬಿ ಸಾಕು.

ಫೋನನ್ನು ಅಡ್ಡ ಹಿಡಿದಾಗಿನ ತೊಡಕು ಇನ್ನೂ ಬಗೆಹರಿದಿಲ್ಲ. 2400×1080ರಲ್ಲಿ ಚಿತ್ರದ 2560ರ ಎತ್ತರದಲ್ಲಿ 720 ಪಿಕ್ಸೆಲ್ ಮಾತ್ರ ಕಾಣುವುದರಿಂದ ರಥದ ನೆತ್ತಿಯೂ ಚಕ್ರವೂ ಒಟ್ಟಿಗೆ ಸಿಗುವುದಿಲ್ಲ. ಅದಕ್ಕಾಗಿ ಅಡ್ಡ ಅಳತೆಯ ಬೇರೊಂದು ಫೋಟೊವನ್ನು ಆರಿಸಿ ‘ಡ್ರಾಯಬಲ್-ಲ್ಯಾಂಡ್-ನೋಡಿಪಿಐ’ ಫೋಲ್ಡರಿನಲ್ಲಿ ಇಡಲಿದ್ದೇನೆ. ಅಲ್ಲಿಯವರೆಗೆ ಆ್ಯಪ್ ಅಡ್ಡಕ್ಕೆ ತಿರುಗದಂತೆ ತಡೆದಿದ್ದೇನೆ.