ಇಂಜಿನ್ ಹೊಸಾದು, ಟ್ರಾನ್ಸ್‌ಫರ್ ಕೇಸ್ ಮಾತ್ರ ಹಳೇದ ಇರ್ಲಿ

ಮಾರುತಿ ಜಿಪ್ಸಿ ಕೆಳಗ ಒಮ್ಮೆ ಮಕ್ಕೊಂಡು ನೋಡ್ರಿ. ಗೇರ್‌ಬಾಕ್ಸ್ ಮುಗದ ಕೂಡಲೆ ಟ್ರಾನ್ಸ್‌ಫರ್ ಕೇಸ್ (ಇಂಜಿನ್ನಿನ ಬಲಾನ ಮುಂದಿನ, ಹಿಂದಿನ ಗಾಲಿಗೆ ಹಂಚೂ ಗೇರಿನ ಡಬ್ಬಿ) ಶುರು ಆಗಂಗಿಲ್ಲ. ನಡುವ ಒಂದು ಗಿಡ್ಡ ಶಾಫ್ಟ್ ಐತಿ. ಟ್ರಾನ್ಸ್‌ಫರ್ ಕೇಸ್ ಚಾಸಿಗೆ ಮೂರು ರಬ್ಬರ್ ಮೌಂಟಿನ ಮ್ಯಾಲ ಬ್ಯಾರೇನ ಕುಂತಿರ್ತೈತಿ. ನಮ್ಮ ಕಡೆ ಓಡಾಡೂ ಹಳೇ ಮಹೀಂದ್ರಾ ಜೀಪಿನಾಗ ಹಂಗಿಲ್ಲ, ಅದು ಗೇರ್‌ಬಾಕ್ಸಿನ ಬೆನ್ನಿಗೇ ಬೋಲ್ಟ್ ಆಗಿರ್ತೈತಿ. ಅಲ್ಲಿ ಬ್ಯಾರೆ ಗೇರ್‌ಬಾಕ್ಸ್ ಕೂಡಸಬೇಕಂದ್ರ ಅಡಾಪ್ಟರ್ ಪ್ಲೇಟ್ ಮಾಡಸ್ರಿ, ಶಾಫ್ಟಿನ ಹಲ್ಲು ಹೊಂದಸ್ರಿ, ಅರ್ಧ ಆಯುಷ್ಯ ಲೇತಿನ ಮುಂದ ಕಳೀರಿ. ಜಿಪ್ಸಿಯೊಳಗ ಮುಂದಿನ ಅರ್ಧ ತಗದು ಬ್ಯಾರೆ ಹಾಕಿದ್ರೂ ಹಿಂದಿನ ಅರ್ಧಕ್ಕ ಕೈ ಹಚ್ಚೂದು ಬ್ಯಾಡ.

ಅಪ್ಪಾರ ಹಳೇ ಎಂಜಿ 410ನ್ನ ಗುಜರಿಗೆ ಹಾಕದ ಉಳಿಸಿಕೊಂಡಿದ್ದು ಇದ ಧೈರ್ಯದ ಮ್ಯಾಲ. ಎಂಜಿ 410 ಅಂದ್ರ 1985ರಾಗ ಬಂದ ಜಿಪ್ಸಿಯ ಮೊದಲ ರೂಪ: 970 ಸಿಸಿ, ಕಾರ್ಬೊರೇಟರ್, 45 ಅಶ್ವಶಕ್ತಿ, ನಾಕು ಗೇರು. ಇಂಜಿನ್ ನೀಲಿ ಹೊಗಿ ಬಿಡ್ಲಿಕ್ಕೆ ಹತ್ತಿ ಭಾಳ ದಿನ ಆಗಿತ್ತು. ಪೆಟ್ರೋಲಿನ ಜೋಡಿ ಆಯಿಲ್ಲೂ ಕುಡಿತಿತ್ತು.

"ಡೀಸೆಲ್ ಕೂಡಸ್ರಿ ಗೌಡ್ರ, ಬೊಲೆರೊ ಇಂಜಿನ್ ಹಾಕ್ಸಿ ಬಿಡ್ರಿ." ಹುಬ್ಬಳ್ಳಿ ಗೋಕುಲ ರೋಡಿನಾಗ ಯಾವ ಗ್ಯಾರೇಜಿಗೆ ಹೋದ್ರೂ ಮೊದಲನೇ ಮಾತು ಇದ. ನಾ ಒಪ್ಪಲಿಲ್ಲ. ನಮ್ಮ ಹೊಲ ಇರೂದು ನವಲಗುಂದ ತಾಲೂಕಿನಾಗ, ಬೆಣ್ಣಿಹಳ್ಳದ ಬಾಜೂಕ. ಅಚ್ಚ ಎರಿ ಭೂಮಿ. ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರುಕು ಬಿಟ್ಟಿರ್ತೈತಿ, ಎರಡು ದೊಡ್ಡ ಮಳಿ ಆದ್ರ ರಾಡಿ ಟೈರಿಗೆ ಮೆತ್ತಿ, ಮಡ್ಗಾರ್ಡ್ ತುಂಬಿ, ಗಾಲಿ ತಿರಗೂದ ನಿಲ್ತೈತಿ. ಆ ರಾಡ್ಯಾಗ ದೊಡ್ಡ ದೊಡ್ಡ ಗಾಡಿ ಹೊಟ್ಟಿಮಟ ಇಳದು ಟ್ರ್ಯಾಕ್ಟರ್ ದಾರಿ ಕಾಯೂದನ್ನ ನೋಡೇನಿ. ಜಿಪ್ಸಿ ಪಾರಾಗೂದು ಶಕ್ತಿಯಿಂದಲ್ಲ, ಟನ್ನಿಗಿಂತ ಕಡಿಮಿ ತೂಕ ಇರೂದರಿಂದ. ಅದರ ಮೂಗಿನ ಮ್ಯಾಲ ಎರಕದ ಕಬ್ಬಿಣದ ದೊಡ್ಡ ಡೀಸೆಲ್ ಹೇರಿದ್ರ ಇದ್ದ ಒಂದು ಗುಣಾನೂ ಹೋದಂಗ.

ಹಂಗಾಗಿ ಅದ ಮನೆತನದ ಇಂಜಿನ್ ಹುಡಕಿದೆ. 2000ದಾಗ ಜಿಪ್ಸಿಯ ಮುಂದಿನ ರೂಪ ಜಿಪ್ಸಿ ಕಿಂಗಿಗೆ 16 ವಾಲ್ವಿನ 1298 ಸಿಸಿ ಎಂಪಿಎಫ್‌ಐ (ಕಾರ್ಬೊರೇಟರ್ ಬದಲಿ ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಸೂ) ಇಂಜಿನ್ ಬಂತಲ್ಲ, ಅದು. 80 ಅಶ್ವಶಕ್ತಿ, ಐದು ಗೇರು. ಗೋವಾ ಕಡೀದೊಂದು ಕಿಂಗ್ ಸಿಕ್ತು. ಸಮುದ್ರದ ಗಾಳಿಗೆ ಬಾಡಿ ಜಾಳಜಾಳ ಆಗಿತ್ತು, ಇಂಜಿನ್ ಮಾತ್ರ ಗಟ್ಟಿ. ಇಡೀ ಗಾಡೀನ ತಗೊಂಡೆ. ಬರೇ ಇಂಜಿನ್ ತರಬ್ಯಾಡ್ರಿ. ವೈರಿಂಗ್, ಇಸಿಯು (ಇಂಜಿನ್ ನಡಸೂ ಕಂಪ್ಯೂಟರ್), ಟ್ಯಾಂಕ್, ರೇಡಿಯೇಟರ್, ಎಕ್ಸಿಲರೇಟರ್ ಕೇಬಲ್ಲು, ಕ್ಲಿಪ್ಪಿನಂಥ ಸಣ್ಣ ಸಾಮಾನು, ಎಲ್ಲಾ ಒಂದ ಗಾಡೀದು ಇದ್ರ ಕೆಲಸ ಅರ್ಧ ಆಗ್ತೈತಿ.

ಖರೆ ವಾದ ಆಗಿದ್ದು ಟ್ರಾನ್ಸ್‌ಫರ್ ಕೇಸಿನ ಮ್ಯಾಲ. ಕಿಂಗಿನದೂ ಕೈಯಾಗಿತ್ತು, ಕಡಿಮಿ ಓಡಿದ್ದು. ನಮ್ಮ ಮಿಸ್ತ್ರಿ ಚಾಚಾ ಅದನ್ನ ಹಾಕೂಣು ಅಂತ ತೊಳದು ಇಟ್ಟಿದ್ರು. ನಾ ಪೆನ್ನು ಕಾಗದ ತಗದೆ.

ಟ್ರಾನ್ಸ್‌ಫರ್ ಕೇಸಿಗೆ ಎರಡು ಗೇರು: ರೋಡಿಗೆ ಹೈ, ರಾಡಿಗೆ ಲೋ. ಅಂಕಿ ದೊಡ್ಡದಾದಷ್ಟು ಗಾಲಿ ನಿಧಾನ, ಜಗ್ಗೂದು ಹೆಚ್ಚು. ಹಳೇ 410ರ ಟ್ರಾನ್ಸ್‌ಫರ್ ಕೇಸ್ ಹೈ 1.580, ಲೋ 2.511. ಕಿಂಗಿನದು ಹೈ 1.409, ಲೋ 2.268. ಹಳೇದು ಹೆಚ್ಚು ನಿಧಾನ, ಹೆಚ್ಚು ಜಗ್ಗೂವಂಥಾದು. ಐದು ಗೇರಿನ ಬಾಕ್ಸಿನ ಫಸ್ಟ್ 3.652. ಹಳೇ ಕೇಸಿನ ಲೋ ಜೋಡಿ ಗುಣಿಸಿದ್ರ 9.17 ಬರ್ತೈತಿ, ಕಿಂಗಿನ ಕೇಸಿನ ಜೋಡಿ 8.28. ಈ ಒಂದು ಅಂಕಿ ರಾಡ್ಯಾಗ ದೊಡ್ಡದು. ಯಾಕಂದ್ರ ಈ 16 ವಾಲ್ವಿನ ಇಂಜಿನ್ನಿಗೆ ಪೂರ್ತಿ ಜಗ್ಗೂ ಬಲ, 103 ನ್ಯೂಟನ್ ಮೀಟರ್, ಬರೂದು 4500 ಆರ್‌ಪಿಎಮ್ಮಿಗೆ. ಕೆಳಗ ಅದು ಆಳಸಿ. ಹಳೇ ಇಂಜಿನ್ ಶಕ್ತಿ ಕಡಿಮಿ ಇದ್ರೂ ಕಡಿಮಿ ತಿರುಗಿನಾಗ ಗುಣುಗುಣು ಅಂತ ಎಳೀತಿತ್ತು. ಹೊಸಾದನ್ನ ಹಂಗ ಎಳಸಬೇಕಂದ್ರ ಅದಕ್ಕ ಸಣ್ಣ ಗೇರ್ ಬೇಕು.

"ಹಂಗಾದ್ರ ರೋಡಿನ ಮ್ಯಾಲ ಒದರ್ತೈತಲ್ಲ ಗೌಡ್ರ?" ಅಂದ್ರು ಚಾಚಾ. ಕೇಳೂವಂಥ ಮಾತ. ಆದ್ರ ನೋಡ್ರಿ: ಮೊದಲು ಟಾಪ್ ಗೇರ್ ನಾಕನೇದು, ಸೀದಾ 1, ಗುಣಿಸು 1.580. ಈಗ ಐದನೇದು 0.795. ಗುಣಿಸಿದ್ರ 1.256. ಕ್ರೌನ್ ಪಿನಿಯನ್ (ಆಕ್ಸಲಿನ ಒಳಗಿನ ಗೇರು) ಹಳೇದ, ಟೈರ್ ಅವ. ಅಂದ್ರ ಅದ ವೇಗಕ್ಕ ಇಂಜಿನ್ ಮೊದಲಿಗಿಂತ ನೂರಕ್ಕ 20ರಷ್ಟು ಕಡಿಮಿ ತಿರಗತೈತಿ. ರೋಡಿಗೆ ಬೇಕಾದ ಆರಾಮ ಐದನೇ ಗೇರ್ ಕೊಡ್ತೈತಿ, ರಾಡಿಗೆ ಬೇಕಾದ ಜಗ್ಗೂದು ಹಳೇ ಕೇಸ್ ಕೊಡ್ತೈತಿ. ಚಾಚಾ ಕಾಗದ ತಿರಿಗಿಸಿ ಮುರಿಗಿಸಿ ನೋಡಿ, "ಗುಣಾಕಾರ ನಿಮ್ದು, ಗ್ರೀಸ್ ನಂದು" ಅಂತ ಕಿಂಗಿನ ಕೇಸನ್ನ ಚೀಲದಾಗ ಕಟ್ಟಿ ಅಟ್ಟಕ್ಕ ಹಾಕಿದ್ರು. ಇವತ್ತಿಗೂ ಅಲ್ಲೇ ಐತಿ, ಬೇಕಾದವ್ರು ಕೇಳ್ರಿ.

ಇಂಜಿನ್ ಮೌಂಟ್ ವೆಲ್ಡಿಂಗ್ ಆತು. ನಡುವಿನ ಗಿಡ್ಡ ಶಾಫ್ಟಿನ ಅಳತಿ ಕೂಡಲಿಲ್ಲ, ಕಡಿಸಿ ಬ್ಯಾಲೆನ್ಸ್ ಮಾಡಿಸಿದ್ವಿ. ಸೈಲೆನ್ಸರ್ ಪೈಪ್ ಹೊಸದಾಗಿ ಬಗ್ಗಿಸಿದ್ವಿ. ಇವೆಲ್ಲಾ ಹುಬ್ಬಳ್ಳ್ಯಾಗ ಯಾವ ಚೊಲೊ ಮಿಸ್ತ್ರಿಗೂ ಬರೂ ಕೆಲಸ.

ಪೆಟ್ರೋಲಿನ ದಾರಿ ಮಾತ್ರ ಹಂಗಲ್ಲ. ಕಾರ್ಬೊರೇಟರ್ ಗಾಡ್ಯಾಗ ಇಂಜಿನ್ನಿಗೆ ಹಚ್ಚಿದ ಸಣ್ಣ ಪಂಪ್ ಪೆಟ್ರೋಲನ್ನ ಮೆಲ್ಲಕ ಎಳೀತೈತಿ, ಒತ್ತಡ ಅಂಬೂದು ಇಲ್ಲದಂಗ. ಎಂಪಿಎಫ್‌ಐಗೆ ಟ್ಯಾಂಕಿನ ಒಳಗ ಕರೆಂಟಿನ ಪಂಪ್ ಬೇಕು, ಜೋರು ಒತ್ತಡ ಬೇಕು, ಉಳದ ಪೆಟ್ರೋಲ್ ತಿರುಗಿ ಹೋಗಲಿಕ್ಕೆ ರಿಟರ್ನ್ ಪೈಪ್ ಬೇಕು. ಹಳೇ ರಬ್ಬರ್ ಪೈಪಿಗೆ ಈ ಒತ್ತಡ ಬಿದ್ರ ಬಿಸಿ ಮ್ಯಾನಿಫೋಲ್ಡಿನ ಬಾಜೂಕ ಪೆಟ್ರೋಲ್ ಚಿಮ್ಮತೈತಿ. ಮುಂದಿಂದು ಹೇಳೂದು ಬ್ಯಾಡ. ಕಿಂಗಿನ ಟ್ಯಾಂಕನ್ನ ಪಂಪ್ ಸಮೇತ ಕೂಡಸಿದ್ವಿ, ಇಂಜೆಕ್ಷನ್ ಗಾಡಿಗೇ ಅಂತ ಬರೂ ಪೈಪು, ಕ್ಲಾಂಪು ಹೊಸಾವು ತಂದ್ವಿ. ಇಲ್ಲಿ ರೊಕ್ಕ ಉಳಿಸೂ ಮಿಸ್ತ್ರಿ ಕೈಯಾಗ ಗಾಡಿ ಕೊಡಬ್ಯಾಡ್ರಿ.

ವೈರಿಂಗಿಗೆ ಬ್ಯಾರೆ ಹುಡುಗ ಬಂದ. ಹಳೇ ವೈರಿಂಗ್ ಲೈಟು, ಹಾರ್ನಿಗೆ ಹಂಗ ಬಿಟ್ಟು, ಇಂಜಿನ್ನಿಂದು ಪೂರ್ತಿ ಬ್ಯಾರೆ ಎಳದ, ಎರಡಕ್ಕೂ ಬ್ಯಾರೆ ಬ್ಯಾರೆ ಫ್ಯೂಜ್. ಅರ್ತಿಂಗ್ ಪಾಯಿಂಟಿನ ಬಣ್ಣ ಕೆರದು ಬೆಳ್ಳಗ ಮಾಡಿ ಬಿಗಿದ. ಹಳೇ ಗಾಡಿಗೆ ಇಸಿಯು ಹಾಕಿದಾಗ ಬರೂ ಅರ್ಧ ಕಾಟ ಕೆಟ್ಟ ಅರ್ತಿಂಗಿನಿಂದ ಅಂತ ಅವನ ಅನುಭವ. ಇಸಿಯು ಡ್ಯಾಶ್‌ಬೋರ್ಡಿನ ಕೆಳಗ ಎಷ್ಟು ಎತ್ತರ ಆಗ್ತೈತೋ ಅಷ್ಟು ಎತ್ತರಕ್ಕ ಕಟ್ಟಸಿದೆ. ಬೆಣ್ಣಿಹಳ್ಳ ತುಂಬಿ ಬಂದಾಗ ಅದು ಯಾರನ್ನೂ ಕೇಳಿ ಹೊಲಕ್ಕ ಬರಂಗಿಲ್ಲ.

ಇನ್ನ ಕಾಗದ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮೂಲದಾಗ ಕೊಟ್ಟ ವಿವರಕ್ಕೂ ಆರ್‌ಸಿಗೂ ಫರಕ ಬರೂವಂಗ ಗಾಡಿ ಬದಲಿ ಮಾಡೂವಂಗಿಲ್ಲ. 2019ರ ಜನವರಿಯಾಗ ಸುಪ್ರೀಂ ಕೋರ್ಟೂ ಅದನ್ನ ಗಟ್ಟಿ ಮಾಡೇತಿ. ನನ್ನ ಗಾಡ್ಯಾಗ ಇಂಜಿನ್ ನಂಬರೂ ಬ್ಯಾರೆ, ಸಿಸಿನೂ ಬ್ಯಾರೆ. "ಯಾರ ನೋಡ್ತಾರ್ರೀ" ಅನ್ನವ್ರು ಭಾಳ ಮಂದಿ ಅದಾರ. ಅಪಘಾತ ಆದ ದಿನ ಇನ್ಶೂರೆನ್ಸಿನವ್ರು ನೋಡ್ತಾರ. ಅದಕ್ಕ ಗ್ಯಾರೇಜಿನಿಂದ ಟೆಂಪೊದಾಗ ಹೇರಿ ಸೀದಾ ಹೊಲಕ್ಕ ತಂದು ಇಳಿಸೇವಿ. ಬದು ದಾಟಿ ಹೊರಗ ಬರಂಗಿಲ್ಲ. ಮ್ಯಾಲ ಬರದ ಐದನೇ ಗೇರಿನ ಲೆಕ್ಕ ಸದ್ಯಕ್ಕ ಕಾಗದದ ಮ್ಯಾಲಷ್ಟ.

ಒಂಬತ್ತರ ಲೆಕ್ಕ ಮಾತ್ರ ಹೊಲದಾಗ ಖರೆ ಆಗೇತಿ. ಲೋ ಹಾಕಿ, ಫಸ್ಟಿನಾಗ ಕ್ಲಚ್ ಬಿಟ್ಟು ಕಾಲು ತಗದ್ರೂ ಹೆಸರಿನ ಹೊಲದ ಬದುವಿನ ಗುಂಟ ಗಾಡಿ ತಾನ ನಡೀತೈತಿ, ನಾ ಇಳದು ಬಾಜೂಕ ನಡಕೋತ ಹೋಗಬಹುದು. (ಹೋಗೇನಿ. ಅವ್ವ ನೋಡಿ ಬೈದಳು.)

ಹೊಸ ಜೋರಿಗೆ ಮೊದಲು ಸೋತಿದ್ದು ಟ್ರಾನ್ಸ್‌ಫರ್ ಕೇಸಿನ ಮೂರು ರಬ್ಬರ್ ಮೌಂಟಿನಾಗ ಒಂದು. ಕ್ಲಚ್ ಬಿಟ್ಟಾಗೊಮ್ಮೆ ಟಕ್ ಅನ್ನಲಿಕ್ಕೆ ಹತ್ತೇತಿ. ಲಾರಿ ಟೈರ್ ಕೊಯ್ದು ಹಾಕಿದ್ರ ನಡೀತೈತಿ ಅಂತಾರ ಚಾಚಾ. ಬ್ಯಾಡ್ರಿ ಚಾಚಾ, ಮೂರೂ ಹೊಸಾವ ತರೂಣು ಅಂದೇನಿ.