ಈ ವರ್ಷ ಮಂಜಿನ ಬಗ್ಗೆ ಬರೆಯುವುದಿಲ್ಲ

2026 ಜನವರಿ 1, ಗುರುವಾರ
ಮಾದಾಪುರದ ಹತ್ತಿರ, ಕೊಡಗು

ಹೊಸ ವರ್ಷದ ಸಂಕಲ್ಪ ಮಾಡುವುದಕ್ಕೆ ಕೊಡಗಿನಲ್ಲಿ ಜನವರಿ ಒಂದರಷ್ಟು ಕೆಟ್ಟ ದಿನ ಇನ್ನೊಂದಿಲ್ಲ. ಅರೇಬಿಕಾ ಕುಯ್ಲು ಪೂರ್ತಿ ಮುಗಿದಿಲ್ಲ, ಅಷ್ಟರಲ್ಲಿ ರೋಬಸ್ಟಾ ಹಣ್ಣಾಗುತ್ತಿದೆ. ಕಣದ ತುಂಬ ಕಾಫಿ. ಬೆಳಿಗ್ಗೆ ಹರವಬೇಕು, ಮಧ್ಯಾಹ್ನ ಕೈಯಾಡಿಸಬೇಕು, ಸಂಜೆ ಇಬ್ಬನಿ ಬೀಳುವ ಮುಂಚೆ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ಇದರ ನಡುವೆ ಕೂತು "ವಾರಕ್ಕೊಂದು ಬರಹ" ಅಂತ ಹೇಳಿಕೊಂಡರೆ ಅದು ಸಂಕ್ರಾಂತಿವರೆಗೂ ಬಾಳುವುದಿಲ್ಲ. ವರ್ಷ ಶುರು ಮಾಡುವುದಕ್ಕೆ ಯುಗಾದಿ ಇದೆ, ಏಪ್ರಿಲ್ ಮಧ್ಯದಲ್ಲಿ ಕೊಡವರ ಹೊಸ ವರ್ಷ ಎಡಮ್ಯಾರ್ ಇದೆ. ಆದರೆ ಹೊಸ ಡೈರಿ ಸಿಗುವುದು ಜನವರಿಯಲ್ಲೇ ತಾನೇ! ಗೊಬ್ಬರದ ಅಂಗಡಿಯವರು ಕೊಟ್ಟದ್ದು, ಪ್ರತಿ ಪುಟದ ಕೆಳಗೂ ಅವರ ಜಾಹೀರಾತು.

ಹಾಗಾಗಿ ಈ ಸಲ ಲೆಕ್ಕವನ್ನು ವಾರದ ಮೇಲೆ ಇಡುತ್ತಿಲ್ಲ, ತೋಟದ ಕೆಲಸದ ಮೇಲೆ ಇಡುತ್ತಿದ್ದೇನೆ. ಮಾರ್ಚ್‌ವರೆಗೆ ಕುಯ್ಲು. ರಾತ್ರಿ ಊಟ ಆದಮೇಲೆ ನಾಲ್ಕೇ ಸಾಲು, ಅದಕ್ಕಿಂತ ಜಾಸ್ತಿ ಬರೆಯಲು ಹೋಗುವುದಿಲ್ಲ. ಉದ್ದದ ಬರಹಗಳೆಲ್ಲ ಜಡಿಮಳೆಯ ಕಕ್ಕಡ ತಿಂಗಳಿಗೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಹೇಗೂ ಹೊರಗೆ ಕಾಲಿಡಲು ಆಗುವುದಿಲ್ಲ. ಕರೆಂಟೂ ಇರುವುದಿಲ್ಲ, ಕೈಯಲ್ಲೇ ಬರೆದಿಟ್ಟರೆ ಆಯಿತು.

ಯಾವಾಗ ಬರೆಯಬೇಕು ಅನ್ನುವುದು ಅಷ್ಟಕ್ಕೇ ಮುಗಿಯಿತು. ಏನು ಬರೆಯಬೇಕು ಅನ್ನುವುದೇ ಕಷ್ಟದ್ದು.

ಕೊಡಗಿನ ಬಗ್ಗೆ ಯಾರೇ ಬರೆಯಲಿ, ಮಂಜಿನಿಂದ ಶುರು ಮಾಡುತ್ತಾರೆ. ಆಮೇಲೆ "ಭಾರತದ ಸ್ಕಾಟ್ಲೆಂಡ್" ಬರುತ್ತದೆ. ಆಮೇಲೆ ಕಾಫಿ ಹೂವಿನ ಪರಿಮಳ. ಮಡಿಕೇರಿಯ ರಾಜಾಸೀಟಿಗೆ ಒಂದು ಸಂಜೆ ಬಂದು ಹೋಗುವವರು ಹಾಗೆ ಬರೆದರೆ ಬೇಜಾರಿಲ್ಲ. ಇಲ್ಲೇ ಇದ್ದುಕೊಂಡು ನಾನೂ ಹಾಗೇ ಬರೆದರೆ ಏನು ಬಂತು? ಆದ್ದರಿಂದ ಮಂಜು, ಸ್ಕಾಟ್ಲೆಂಡ್, ಸ್ವರ್ಗ, ಈ ಮೂರಕ್ಕೂ ಡಿಸೆಂಬರ್ ಕೊನೆಯವರೆಗೆ ರಜೆ. (ಮಂಜಿನಿಂದ ಬಸ್ಸು ಲೇಟಾದರೆ ಬರೆಯಬಹುದು. ಅದು ಸುದ್ದಿ.)

ಹೂವಿನ ವಿಷಯವೇ ತಗೊಳ್ಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಬೆಳೆಗಾರರ ಮನೆಗಳಲ್ಲಿ ಪರಿಮಳದ ಮಾತೇ ಇರುವುದಿಲ್ಲ. ಫೋನ್ ಎತ್ತಿದರೆ "ನಿಮ್ಮಲ್ಲಿ ಎಷ್ಟು ಬಂತು?" ಅನ್ನುವ ಒಂದೇ ಪ್ರಶ್ನೆ. ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಒಂದು ಇಂಚು ಬಂದರೆ ಎಲ್ಲರ ಮುಖವೂ ಅರಳುತ್ತದೆ. ವಾರ ಕಳೆದು ಒಂದೆರಡು ದಿನಕ್ಕೆ ರೋಬಸ್ಟಾ ತೋಟ ಬೆಳ್ಳಗಾಗುತ್ತದೆ. ಇಪ್ಪತ್ತು, ಮೂವತ್ತು ಸೆಂಟು (ನೂರು ಸೆಂಟಿಗೆ ಒಂದು ಇಂಚು) ಹನಿದು ನಿಂತುಬಿಟ್ಟರೆ ಎದೆ ಹೊಡೆದುಕೊಳ್ಳುತ್ತದೆ. ಮೊಗ್ಗಿಗೆ ಅದು ಸಾಲದು. ಅರಳದೆ ಗುಲಾಬಿ ಬಣ್ಣಕ್ಕೆ ತಿರುಗಿ ಹಾಗೇ ಉಳಿಯುತ್ತದೆ. ಆಗ ಕೆರೆಯಲ್ಲಿ ನೀರಿದ್ದವರು ಸ್ಪ್ರಿಂಕ್ಲರ್ ಜೋಡಿಸುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ. ಹೂ ಬಿಟ್ಟರೂ ಮುಗಿಯಲಿಲ್ಲ, ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು, ಕಾಯಿ ನಿಲ್ಲುವುದಕ್ಕೆ. ಪರಿಮಳ ಇದ್ದೇ ಇರುತ್ತದೆ, ಆದರೆ ಅದನ್ನು ಸವಿಯುವಷ್ಟು ನೆಮ್ಮದಿ ಯಾರಿಗೂ ಇರುವುದಿಲ್ಲ. ಈ ವರ್ಷ ಹೂಮಳೆ ಬಂದ ದಿನ ಎಷ್ಟೇ ಕೆಲಸ ಇರಲಿ ಬರೆಯುತ್ತೇನೆ. ಎಷ್ಟು ಬಂತು, ಯಾರ ತೋಟಕ್ಕೆ ಬಂತು, ಯಾರದ್ದನ್ನು ದಾಟಿಕೊಂಡು ಹೋಯಿತು, ಎಲ್ಲವನ್ನೂ.

ಈ ಯೋಚನೆ ಬಂದದ್ದು ಮಾವನ ಮಳೆ ಪುಸ್ತಕದಿಂದ. ಹಳೆಯ ತೋಟದ ಮನೆಗಳಲ್ಲಿ ಇದು ಇದ್ದೇ ಇರುತ್ತದೆ. ಅಂಗಳದಲ್ಲಿ ರೈನ್ ಗೇಜ್, ಒಳಗೆ ಗೋಡೆಗೆ ನೇತುಹಾಕಿದ ಪುಸ್ತಕ. ದಿನಾ ಬೆಳಿಗ್ಗೆ ಎಂಟೂವರೆಗೆ ಅಳತೆ. ಸರಕಾರ ಮಿಲಿಮೀಟರಿನಲ್ಲಿ ಹೇಳಿದರೂ ನಮ್ಮಲ್ಲಿ ಈಗಲೂ ಇಂಚು, ಸೆಂಟು. ಮಳೆ ಇಲ್ಲದ ದಿನವೂ ಮಾವ ಜಾಗ ಖಾಲಿ ಬಿಡುವುದಿಲ್ಲ, ಸೊನ್ನೆ ಬರೆಯುತ್ತಾರೆ. ಜನವರಿಯಲ್ಲಿ ಪುಟಗಟ್ಟಲೆ ಸೊನ್ನೆ. ಬರೆಯುವುದಕ್ಕೆ ಏನೂ ಇಲ್ಲ ಅಂತ ನನಗೆ ಅನ್ನಿಸುವ ದಿನಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಆದರೆ ಆ ಪುಸ್ತಕದ ಮೇಲೆ ನನಗೊಂದು ತಕರಾರೂ ಇದೆ. 2018ರ ಆಗಸ್ಟ್ ಪುಟ ತೆಗೆದು ನೋಡಿದೆ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆಯೆಲ್ಲ ಗುಡ್ಡ ಕುಸಿದ ವಾರ. ನಮ್ಮ ಸುತ್ತಲಿನ ಎಷ್ಟೋ ಮನೆಗಳವರು ಪರಿಹಾರ ಕೇಂದ್ರಗಳಲ್ಲಿ ಇದ್ದರು. ಪುಸ್ತಕದಲ್ಲಿ ಇಂಚುಗಳಿವೆ, ಒಂದಕ್ಷರ ಇಲ್ಲ. ಯಾರು ಮನೆ ಬಿಟ್ಟರು, ಯಾವ ದಾರಿ ಹೋಯಿತು, ಯಾವ ಗದ್ದೆಯ ಮೇಲೆ ಮಣ್ಣು ಬಂದು ಕೂತಿತು, ಏನೂ ಇಲ್ಲ. ಎಲ್ಲ ಮಾವನ ತಲೆಯಲ್ಲಿದೆ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಇಲ್ಲ.

"ಮಾವ, ಪಕ್ಕದಲ್ಲಿ ಒಂದೊಂದು ಸಾಲು ನಾನು ಬರೀಲಾ?" ಅಂದೆ.

"ಅದು ಮಳೆ ಪುಸ್ತಕ ಅಮ್ಮ. ಕಥೆ ನಿನ್ನ ಡೈರಿಯಲ್ಲಿ ಬರ್ಕೋ."

ಸರಿ ಬಿಡಿ. ಇಂಚು ಅವರದ್ದು, ಪಕ್ಕದ ಸಾಲು ನನ್ನದು. ನನ್ನ ಸಾಲಿನಲ್ಲಿ ತಾರೀಕು, ಜಾಗ, ನಾನೇ ಕಂಡದ್ದು ಇರಬೇಕು. ಯಾರೋ ಹೇಳಿದ್ದಾದರೆ ಯಾರು ಹೇಳಿದರು ಅನ್ನುವುದೂ ಇರಬೇಕು. ಫೋಟೋ ಕಡಿಮೆ. ಕಾಫಿ ಹೂವಿನ ಫೋಟೋ ಯಾವ ತೋಟದಲ್ಲಿ ತೆಗೆದರೂ ಒಂದೇ ಥರ ಇರುತ್ತದೆ.

ಕಕ್ಕಡ 18, ಅಂದರೆ ಆಗಸ್ಟ್ 3, ಬಂತೆಂದರೆ ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧಿ ಇದೆ ಅನ್ನುವ ಅದೇ ಬರಹವನ್ನು ಎಲ್ಲರೂ ಬರೆಯುತ್ತಾರೆ. ನಾನು ಅತ್ತೆ ಆ ಸೊಪ್ಪಿನ ಪಾಯಸ ಹೇಗೆ ಮಾಡುತ್ತಾರೆ, ಅಕ್ಕಿ ಎಷ್ಟು, ಬೆಲ್ಲ ಎಷ್ಟು, ಸೊಪ್ಪು ಎಷ್ಟು ಹೊತ್ತು ಕುದಿಸಿದರೆ ಆ ನೇರಳೆ ಬಣ್ಣ ಬಿಡುತ್ತದೆ, ಇಷ್ಟನ್ನೇ ಬರೆಯುತ್ತೇನೆ.

ಮೊದಲ ದೊಡ್ಡ ಬರಹ ಮಾತ್ರ ಕಕ್ಕಡದವರೆಗೆ ಕಾಯುವುದಿಲ್ಲ. ಅದು ಓಟಿ ಬಗ್ಗೆ, ಅಂದರೆ ಔಟ್‌ಟರ್ನ್, ಒಣಗಿದ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ. ಕಾಫಿ ರೇಟು ಏರಿತು ಅಂತ ಪೇಪರಿನಲ್ಲಿ ಓದಿದವರು ಬೆಳೆಗಾರರಿಗೆ ಅಷ್ಟೂ ಸಿಕ್ಕಿತು ಅಂದುಕೊಳ್ಳುತ್ತಾರೆ. ಆದರೆ ಕೊಳ್ಳುವವರು ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗುತ್ತಾರೆ. 50 ಕೆ.ಜಿ. ಚೆರಿಗೆ 26 ಕೆ.ಜಿ. ಬೀಜದ ಲೆಕ್ಕ ಬಂದರೆ ಓಟಿ 26. ಒಂದು ಪಾಯಿಂಟ್ ಕೆಳಗೆ ಬಂದರೆ ಪ್ರತಿ ಚೀಲಕ್ಕೂ ದುಡ್ಡು ಕಡಿಮೆ. ಸರಿಯಾಗಿ ಒಣಗಿಲ್ಲ ಅಂದರೆ ಅದಕ್ಕೂ ಕಡಿತ. ವರ್ಷದ ದುಡಿಮೆ ಆ ಒಂದು ಹಿಡಿ ಸ್ಯಾಂಪಲ್ ಮೇಲೆ ನಿಂತಿರುತ್ತದೆ. ನಮ್ಮ ಮನೆಯ ಹೆಂಗಸರು ಯಾರೂ ಅದನ್ನು ಕಣ್ಣಾರೆ ನೋಡಿಲ್ಲ. ಕಣದಲ್ಲಿ ಬಿಸಿಲಿಗೆ ನಿಲ್ಲುವವರು ನಾವು, ತೂಕಕ್ಕೆ ಹೋಗುವವರು ಗಂಡಸರು.

ಮುಂದಿನ ವಾರ ಅರೇಬಿಕಾ ಚೆರಿಯ ಲೋಡು ಹೋಗುತ್ತದೆ. ನಾನೂ ಬರುತ್ತೇನೆ ಅಂದಿದ್ದೇನೆ. ಅಲ್ಲಿ ಪ್ರಶ್ನೆ ಕೇಳಬಾರದು ಅನ್ನುವ ಷರತ್ತಿನ ಮೇಲೆ ಮಾವ ಒಪ್ಪಿದ್ದಾರೆ. ಷರತ್ತಿಗೆ ನಾನಿನ್ನೂ ಹೂಂ ಅಂದಿಲ್ಲ.