ಬೆಟ್ಟಗೇರಿಯಿಂದ ಎರಡನೇ ಗೇರಿನಲ್ಲಿ

ಏಪ್ರಿಲ್ 6

ಗಾಡಿ ಮನೆಗೆ ಬಂತು. 2021ರ ಫೋಕ್ಸ್‌ವ್ಯಾಗನ್ ಪೋಲೊ, 1.0 ಟಿಎಸ್‌ಐ, ಆರು ಗೇರಿನ ಮ್ಯಾನುವಲ್. ಕೆಂಪು ಬಣ್ಣ. ಒಂದೇ ಲೀಟರಿನ ಮೂರು ಸಿಲಿಂಡರ್ ಎಂಜಿನ್, ಆದರೆ ಟರ್ಬೊ ಇದೆ. 110 ಪಿಎಸ್ ಪವರ್, 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ. 2022ರಲ್ಲಿ ಈ ಕಾರನ್ನು ನಮ್ಮ ದೇಶದಲ್ಲಿ ಮಾಡೋದು ನಿಲ್ಲಿಸಿದ್ದರಿಂದ ಸೆಕೆಂಡ್ ಹ್ಯಾಂಡೇ ಹುಡುಕಬೇಕಾಯಿತು. ಮೈಸೂರಿನಲ್ಲಿ ಸಿಕ್ಕಿತು. ಅಲ್ಲಿಂದ ಕೊಡಗಿನ ನಮ್ಮ ಬೆಟ್ಟಗೇರಿಯವರೆಗೆ ಓಡಿಸಿಕೊಂಡು ಬಂದವರು ಮಾವ. ನಾನು ಪಕ್ಕದಲ್ಲಿ ಕೂತು ಅವರ ಎಡಗಾಲನ್ನೇ ನೋಡುತ್ತಾ ಬಂದೆ.

ನನ್ನ ಹತ್ತಿರ ಲೈಸೆನ್ಸ್ ಇದೆ. ಹನ್ನೊಂದು ವರ್ಷದ ಹಿಂದೆ ತೆಗೆದದ್ದು. ಆಮೇಲೆ ಬೆಂಗಳೂರಿನಲ್ಲಿ ಓಡಿಸಿದ್ದೆಲ್ಲ ಆಟೊಮ್ಯಾಟಿಕ್. ನಮ್ಮಲ್ಲಿ ಕಾರಿನ ಲೈಸೆನ್ಸಿಗೆ ಆಟೊಮ್ಯಾಟಿಕ್, ಮ್ಯಾನುವಲ್ ಅನ್ನುವ ಭೇದ ಇಲ್ಲ. ಹಾಗಾಗಿ ಕಾಗದದ ಮೇಲೆ ನನಗೆ ಎಲ್ಲ ಬರುತ್ತದೆ. ಕಾಲಿಗೆ ಬರುವುದಿಲ್ಲ.

ಮನೆಗೆ ವಾಪಸ್ ಬಂದು ತೋಟದ ಲೆಕ್ಕ ನೋಡಿಕೊಳ್ಳಲು ಶುರು ಮಾಡಿದಾಗಿನಿಂದ ಈ ಆಸೆ ಜಾಸ್ತಿಯಾಯಿತು. ಚಿಕ್ಕವಳಿದ್ದಾಗ ಮಾವನ ಜೀಪಿನಲ್ಲಿ ಕೂತರೆ ಪ್ರತಿ ತಿರುವಿಗೂ ಎಂಜಿನ್ನಿನ ಸದ್ದು ಬದಲಾಗುತ್ತಿತ್ತು. ಗಾಡಿ ಅವರ ಮಾತು ಕೇಳುತ್ತಿದೆ ಅನಿಸುತ್ತಿತ್ತು. ಇಂಥ ರಸ್ತೆಗಳಿರುವ ಊರಲ್ಲಿ ಹುಟ್ಟಿ ಅದನ್ನು ಕಲಿಯದೆ ಇರುವುದು ನನಗೆ ಬೇಡ.

ಏಪ್ರಿಲ್ 7

ಕಾಫಿ ಒಣಗಿಸುವ ಕೆಲಸ ಮುಗಿದು ಕಣ ಖಾಲಿಯಾಗಿದೆ. ಸಿಮೆಂಟಿನ ಸಮತಟ್ಟು ನೆಲ. ಕೊಡಗಿನಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ, ಅಲ್ವಾ.

ಮಾವ ಮೊದಲು ಹೇಳಿದ್ದು, "ಆಕ್ಸಿಲರೇಟರ್ ಮುಟ್ಬೇಡ. ಬರೀ ಕ್ಲಚ್ಚಲ್ಲಿ ಗಾಡಿ ಹೊರಡಿಸು." ಒಂದು ಗಂಟೆ ಅದೇ ಕೆಲಸ. ಮೊದಲನೇ ಗೇರ್ ಹಾಕು, ಕ್ಲಚ್ ನಿಧಾನಕ್ಕೆ ಬಿಡು, ಗಾಡಿ ಹೊರಟ ಮೇಲೆ ನಿಲ್ಲಿಸು. ಮತ್ತೆ ಶುರು. ಹದಿನಾಲ್ಕು ಸಲ ಆಫ್ ಆಯಿತು. ಹದಿನೈದನೇ ಸಲ ಒಂದು ವಿಷಯ ಕಾಲಿಗೆ ಗೊತ್ತಾಯಿತು. ಕ್ಲಚ್ ಹಿಡಿಯುವ ಜಾಗ ಬಂದಾಗ ಪೆಡಲ್ ಸಣ್ಣಗೆ ನಡುಗುತ್ತದೆ, ಎಂಜಿನ್ ಸದ್ದು ಸ್ವಲ್ಪ ಭಾರ ಆಗುತ್ತದೆ. ಅಲ್ಲಿ ಒಂದು ಕ್ಷಣ ಕಾಲು ನಿಲ್ಲಿಸಿದರೆ ಸಾಕು. ಗಾಡಿ ತಾನೇ ಹೊರಡುತ್ತದೆ.

ಇದಕ್ಕೇ ನಾವು ಹಾಫ್ ಕ್ಲಚ್ ಅನ್ನುವುದು. ಎಂಜಿನ್ನಿನ ಫ್ಲೈವೀಲ್ ಅನ್ನುವ ಭಾರದ ಚಕ್ರ ತಿರುಗುತ್ತಿರುತ್ತದೆ. ಕ್ಲಚ್ ಪ್ಲೇಟ್ ಅದಕ್ಕೆ ಅರ್ಧ ಒತ್ತಿಕೊಂಡು, ಅರ್ಧ ಜಾರುತ್ತಾ, ನಿಧಾನಕ್ಕೆ ಅದರ ವೇಗಕ್ಕೆ ಬರುತ್ತದೆ. ಜಾರುವಾಗ ಬಿಸಿ ಹುಟ್ಟುತ್ತದೆ. ಅಲ್ಲೇ ಜಾಸ್ತಿ ಹೊತ್ತು ಇದ್ದರೆ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಇವತ್ತು ಒಂದು ಸಲ ಬಂತು. ಮಾವ ಗಾಡಿ ಆಫ್ ಮಾಡಿಸಿ, ಕಾಫಿ ಕುಡಿದು ಬರುವವರೆಗೆ ಮುಟ್ಟಲು ಬಿಡಲಿಲ್ಲ.

ಏಪ್ರಿಲ್ 11

ರಿವರ್ಸ್. ಲಿವರನ್ನು ಕೆಳಕ್ಕೆ ಒತ್ತಿ, ಎಡಕ್ಕೆ ತಂದು, ಮುಂದಕ್ಕೆ ತಳ್ಳಬೇಕು. ಮೊದಲನೇ ಗೇರಿನ ಪಕ್ಕದಲ್ಲೇ ಇದೆ. ಕಣದ ಸುತ್ತ ಹಿಂದಕ್ಕೆ ಆರು ಸುತ್ತು ಹಾಕಿದೆ.

ಏಪ್ರಿಲ್ 25

ಮಡಿಕೇರಿ ಪೇಟೆ. ಶುಕ್ರವಾರ, ಸಂತೆ ದಿನ. ಬೇಕಂತಲೇ ಮಾವ ಇವತ್ತೇ ಕರೆದುಕೊಂಡು ಹೋದರು. ಆ ಪೇಟೆಯಲ್ಲಿ ಏರು ಇಲ್ಲದ ರಸ್ತೆ ಎಲ್ಲಿದೆ! ಜನರಲ್ ತಿಮ್ಮಯ್ಯ ಸರ್ಕಲ್ ದಾಟಿ ಒಂದು ಏರಿನಲ್ಲಿ ಮುಂದಿನ ಗಾಡಿ ನಿಂತಿತು. ನಾನೂ ನಿಂತೆ. ಹಿಂದೆ ಒಂದು ಪಿಕಪ್ ಬಂಪರಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು.

ಕೈ ಬೆವರಿತು. ಮೂರು ದಿನದಿಂದ ನಮ್ಮ ಗೇಟಿನ ಏರಿನಲ್ಲಿ ಮಾಡಿದ್ದನ್ನೇ ಮಾಡಿದೆ. ಹ್ಯಾಂಡ್‌ಬ್ರೇಕ್ ಎಳೆದೆ. ಮೊದಲನೇ ಗೇರ್. ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಆರ್‌ಪಿಎಂ ಸೂಜಿಯನ್ನು 2000ದ ಹತ್ತಿರ ಇಟ್ಟೆ. ಕ್ಲಚ್ ಬಿಡುತ್ತಾ ಬಂದೆ. ಮೂತಿ ಸ್ವಲ್ಪ ಮೇಲೆದ್ದಿತು, ಸದ್ದು ಕುಗ್ಗಿತು. ಆಗ ಹ್ಯಾಂಡ್‌ಬ್ರೇಕ್ ಬಿಟ್ಟೆ. ಗಾಡಿ ಒಂದಿಂಚೂ ಹಿಂದೆ ಹೋಗಲಿಲ್ಲ.

ಮಾವ ಏನೂ ಹೇಳಲಿಲ್ಲ. ಸಂತೆಯಲ್ಲಿ ಮೀನು ತಗೊಂಡು ಮನೆಗೆ ಬಂದೆವು. ಅವರು ಸುಮ್ನೆ ಇದ್ದರೆ ಸರಿಯಾಗಿದೆ ಅಂತ ಅರ್ಥ.

ಮೇ 9

ಈಗ ಗಾಡಿಯ ಸ್ವಭಾವದ ಬಗ್ಗೆ ಬರೆಯಬೇಕು. ಎರಡು ವಾರ ತಲೆ ಕೆಡಿಸಿದ ವಿಷಯ ಇದು.

ಬೆಟ್ಟಗೇರಿಯಿಂದ ಅಪ್ಪಂಗಳದ ಕಡೆ ಹೋಗುವಾಗ ಏರಿನ ತಿರುವುಗಳಲ್ಲಿ ಗಾಡಿ ಸೋತುಹೋಗುತ್ತಿತ್ತು. ಮೂರನೇ ಗೇರಿನಲ್ಲಿ ತಿರುವಿಗೆ ಹೋಗುತ್ತಿದ್ದೆ. ಮಧ್ಯದಲ್ಲಿ ಆಕ್ಸಿಲರೇಟರ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಇನ್ನೂ ಒತ್ತುತ್ತಿದ್ದೆ. ಆಮೇಲೆ ಒಮ್ಮೆಲೇ ಎಳೆಯುತ್ತಿತ್ತು, ಅದೂ ತಿರುವು ಮುಗಿಯುವ ಮೊದಲೇ. ಒಂದು ಸಲ ಎದುರಿನ ಬದಿಗೆ ಅರ್ಧ ಅಡಿ ಹೋಗಿಬಿಟ್ಟೆ. ರಸ್ತೆ ಖಾಲಿ ಇತ್ತು. ಇಲ್ಲದಿದ್ದರೆ ಏನಾಗುತ್ತಿತ್ತೋ. ಗಾಡಿ ನಿಲ್ಲಿಸಿ ಐದು ನಿಮಿಷ ಸುಮ್ಮನೆ ಕೂತೆ.

ಕಾರಣ ಟರ್ಬೊ. ಎಂಜಿನ್ನಿನಿಂದ ಹೊರಬರುವ ಹೊಗೆಯ ರಭಸದಿಂದಲೇ ಟರ್ಬೊ ತಿರುಗಬೇಕು. ಅದು ತಿರುಗಿದರೆ ಜಾಸ್ತಿ ಗಾಳಿ ಒಳಗೆ ಹೋಗುತ್ತದೆ, ಆಗ ಬಲ ಬರುತ್ತದೆ. ಈ ಎಂಜಿನ್ನಿಗೆ ಪೂರ್ತಿ ಟಾರ್ಕ್ ಸಿಗುವುದು 1750 ಆರ್‌ಪಿಎಂ ಮೇಲೆ. ಅದಕ್ಕಿಂತ ಕೆಳಗೆ ಇದು ಬರೀ ಒಂದು ಲೀಟರಿನ ಸಣ್ಣ ಎಂಜಿನ್. ನಾನು 1300ರಲ್ಲಿ ತಿರುವಿಗೆ ಹೋಗಿ ಬಲ ಕೇಳುತ್ತಿದ್ದೆ. ಎಲ್ಲಿಂದ ಕೊಡುತ್ತದೆ?

ಉಪಾಯ ಸರಳ. ತಿರುವಿಗೆ ಮುಂಚೆ, ರಸ್ತೆ ನೇರ ಇರುವಾಗಲೇ ಬ್ರೇಕ್ ಹಿಡಿದು ಎರಡನೇ ಗೇರಿಗೆ ಬರಬೇಕು. ಕ್ಲಚ್ ಪೂರ್ತಿ ಬಿಟ್ಟಿರಬೇಕು. ಸೂಜಿ 2000ದ ಮೇಲಿರಬೇಕು. ತಿರುವಿನ ಒಳಗೆ ಕೈಗೆ ಬರೀ ಸ್ಟಿಯರಿಂಗ್ ಕೆಲಸ, ಕಾಲಿಗೆ ಸಣ್ಣ ಒತ್ತಡ. ತಿರುವಿನ ಕೊನೆ ಕಂಡ ಮೇಲೆ ಆಕ್ಸಿಲರೇಟರ್. ಹೀಗೆ ಮಾಡಿದ ಮೊದಲ ತಿರುವಿನಲ್ಲೇ ಗಾಡಿ ಬೇರೆಯಾಯಿತು. ಸ್ಪೀಡ್ ನೋಡಿದರೆ 35. ಆದರೆ ಎಂಥ ಖುಷಿ! ಹಿಂದಿನಿಂದ ಯಾರೋ ಮೆತ್ತಗೆ ತಳ್ಳಿದ ಹಾಗೆ ಏರು ಹತ್ತಿತು.

ಸ್ಪೋರ್ಟಿ ಗಾಡಿ ಅಂದರೆ ನೂರು ದಾಟುವುದು ಅಂದುಕೊಂಡಿದ್ದೆ. ನಮ್ಮ ರಸ್ತೆಯಲ್ಲಿ ಅದು 35ರಲ್ಲೇ ಸಿಗುತ್ತದೆ.

ಮೇ 18

ಸಂಪಾಜೆ ಘಾಟಿ ಇಳಿದೆ. ಮಡಿಕೇರಿಯಿಂದ ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆ. ಹೆಚ್ಚುಕಡಿಮೆ ಸಾವಿರ ಮೀಟರ್ ಇಳಿಯಬೇಕು.

ಹೊರಡುವ ಮೊದಲು ಮಾವ ಎರಡು ಮಾತು ಹೇಳಿದರು. ಯಾವ ಗೇರಿನಲ್ಲಿ ಏರು ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸೋಕೆ ಹೋಗಬೇಡ. ಉಳಿಯುವುದೂ ಇಲ್ಲ. ಗೇರಿನಲ್ಲಿ ಇದ್ದು ಆಕ್ಸಿಲರೇಟರ್ ಬಿಟ್ಟರೆ ಈಗಿನ ಎಂಜಿನ್ನುಗಳು ಇಂಧನವನ್ನೇ ನಿಲ್ಲಿಸುತ್ತವೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಆ ಭಾರವೇ ಗಾಡಿಯನ್ನು ಹಿಡಿಯುತ್ತದೆ. ನ್ಯೂಟ್ರಲ್‌ನಲ್ಲಿ ಅಷ್ಟೂ ಕೆಲಸ ಬ್ರೇಕಿನದು. ಬ್ರೇಕ್ ಬಿಸಿಯಾಗುತ್ತದೆ, ಬಿಸಿಯಾದರೆ ಹಿಡಿತ ಕಡಿಮೆಯಾಗುತ್ತದೆ.

ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಇಳಿಯಬಾರದು. ಬೇಕಾದಾಗ ಗಟ್ಟಿಯಾಗಿ ಒಂದು ಸಲ ಹಿಡಿದು ಬಿಡಬೇಕು. ಇದು ಅಭ್ಯಾಸವಾಗಲು ಮದೆನಾಡಿನವರೆಗೆ ಬೇಕಾಯಿತು.

ಜೋಡುಪಾಲದಲ್ಲಿ ನಿಲ್ಲಿಸಿದೆವು. 2018ರ ಆಗಸ್ಟಿನಲ್ಲಿ ಬೆಟ್ಟ ಕುಸಿದದ್ದು ಇಲ್ಲೇ. ಮನೆಗಳು ಹೋದವು, ಜನ ಹೋದರು, ರಸ್ತೆ ಎಷ್ಟೋ ದಿನ ಬಂದ್ ಆಗಿತ್ತು. ಆಗ ನಾನು ಬೆಂಗಳೂರಿನಲ್ಲಿದ್ದೆ, ಅಮ್ಮನಿಗೆ ಫೋನ್ ಸಿಗದೆ ಒದ್ದಾಡಿದ್ದೆ. ಈಗ ಹಸಿರು ಮುಚ್ಚಿಕೊಳ್ಳುತ್ತಿದೆ. ಇಲ್ಲಿ ಗಾಡಿ ಓಡಿಸುವಾಗ ಒಂದು ಮರ್ಯಾದೆ ಇರಬೇಕು ಅನಿಸಿತು. ಮುಂದಿನ ದಾರಿ ಮಾತಿಲ್ಲದೆ ಇಳಿದೆವು.

ವಾಪಸ್ ಬರುವಾಗ ಒಂದು ಹೇರ್‌ಪಿನ್ನಿನಲ್ಲಿ ಬಸ್ ಪೂರ್ತಿ ರಸ್ತೆ ತಗೊಂಡು ಇಳಿಯುತ್ತಿತ್ತು. ನಾನು ಕೆಳಗೇ ನಿಂತೆ. ಇಕ್ಕಟ್ಟಿನ ಘಾಟಿಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಅನ್ನುವುದು ಕಾನೂನಿನಲ್ಲೇ ಇದೆ. ಆದರೆ ಬಸ್ಸಿನ ಉದ್ದಕ್ಕೆ ತಿರುಗಲು ಬೇರೆ ಜಾಗ ಇಲ್ಲ. ಡ್ರೈವರ್ ಕೈ ಎತ್ತಿದರು. ನಾನೂ ಎತ್ತಿದೆ.

ಜೂನ್ 2

ಕ್ಲಚ್ ಪರೀಕ್ಷೆ. ಕಣದ ದಿನಗಳಲ್ಲಿ ಸುಟ್ಟ ವಾಸನೆ ಬಂದದ್ದರ ಬಗ್ಗೆ ಮನಸ್ಸಿನಲ್ಲಿ ಅಳುಕಿತ್ತು. ಮಡಿಕೇರಿಯ ಮೆಕ್ಯಾನಿಕ್ ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕನೇ ಗೇರ್ ಹಾಕಿ, ಕ್ಲಚ್ ಬಿಟ್ಟರು. ಎಂಜಿನ್ ತಕ್ಷಣ ಆಫ್ ಆಯಿತು. ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ ಅಂತ. ಆಗದೆ ತಿರುಗುತ್ತಲೇ ಇದ್ದರೆ ಪ್ಲೇಟ್ ಸವೆದಿದೆ ಅಂತ. ಸಮಾಧಾನವಾಯಿತು. ಓಡುವಾಗ ಕ್ಲಚ್ ಪೆಡಲ್ ಮೇಲೆ ಕಾಲು ಊರಬಾರದು ಅಂತ ಅವರೂ ಹೇಳಿದರು. ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್ ಸುಮ್ನೆ ಸವೆಯುತ್ತದೆ.

ಟಯರಿನ ಗೆರೆ ಆಳ ಅಳೆಸಿದೆ. ಕಾನೂನಿಗೆ 1.6 ಮಿಲಿಮೀಟರ್ ಸಾಕು. ನಮ್ಮ ಮಳೆಗೆ ಸಾಲದು. ಮುಂದಿನ ಎರಡು ಹೊಸದು ಹಾಕಿಸಿದೆ.

ಜೂನ್, ಜುಲೈ

ಮಳೆ. ಕೆಲಸಕ್ಕೆ ಬೇಕಾದಷ್ಟೇ ಓಡಿಸಿದೆ. ಮಂಜು ಬಿದ್ದರೆ ಹೆಡ್‌ಲೈಟ್ ಡಿಮ್‌ನಲ್ಲೇ ಇರಬೇಕು. ಬ್ರೈಟ್ ಹಾಕಿದರೆ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ವಾಪಸ್ ಬರುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡುವವರನ್ನು ಕಂಡರೆ ಭಯ. ಅವರು ಎತ್ತ ತಿರುಗುತ್ತಾರೆ ಅಂತ ಹಿಂದಿನವರಿಗೆ ಹೇಗೆ ಗೊತ್ತಾಗಬೇಕು?

ಗಂಬೂಟು ಹಾಕಿಕೊಂಡು ಗಾಡಿ ಓಡಿಸಲೇಬಾರದು. ಒಂದು ದಿನ ತೋಟದಿಂದ ಹಾಗೇ ಹತ್ತಿದೆ. ಬ್ರೇಕ್ ಒತ್ತಿದಾಗ ಬೂಟಿನ ಅಂಚು ಆಕ್ಸಿಲರೇಟರಿಗೂ ತಾಗಿತು. ಈಗ ಸೀಟಿನ ಹಿಂದೆ ತೆಳು ಅಡಿಯ ಕ್ಯಾನ್ವಾಸ್ ಶೂ ಇಟ್ಟಿದ್ದೇನೆ.

ಸೆಪ್ಟೆಂಬರ್ 14

ಮಳೆ ಬಿಟ್ಟುಕೊಟ್ಟಿತು. ರೆವ್ ಮ್ಯಾಚಿಂಗ್ ಶುರು, ಅಂದರೆ ಗೇರ್ ಇಳಿಸುವಾಗ ಎಂಜಿನ್ನಿನ ವೇಗವನ್ನು ಕೆಳಗಿನ ಗೇರಿಗೆ ಸರಿಹೊಂದಿಸುವುದು.

ಮೂರರಿಂದ ಎರಡಕ್ಕೆ ಬಂದು ಕ್ಲಚ್ ಬಿಟ್ಟಾಗ ಗಾಡಿ ಮುಂದಕ್ಕೆ ಮುಗ್ಗರಿಸುತ್ತಿತ್ತು. ಮೂರರಲ್ಲಿ ಸೂಜಿ 2000ದಲ್ಲಿದ್ದರೆ, ಅದೇ ವೇಗಕ್ಕೆ ಎರಡರಲ್ಲಿ ಅದು 3000ದ ಹತ್ತಿರ ಇರಬೇಕು. ಕ್ಲಚ್ ಒತ್ತಿದಾಗ ಎಂಜಿನ್ 1500ಕ್ಕೆ ಇಳಿದಿರುತ್ತದೆ. ಬಿಟ್ಟ ತಕ್ಷಣ ಚಕ್ರ ಅದನ್ನು ಎಳೆದು 3000ಕ್ಕೆ ಏರಿಸಬೇಕು. ಆ ಎಳೆತವೇ ಮುಗ್ಗರಿಕೆ. ಒದ್ದೆ ರಸ್ತೆಯಲ್ಲಿ ಇದರಿಂದ ಮುಂದಿನ ಚಕ್ರ ಜಾರಲೂಬಹುದು. ಆದ್ದರಿಂದ ಕ್ಲಚ್ ಬಿಡುವ ಮೊದಲು ಆಕ್ಸಿಲರೇಟರನ್ನು ಒಂದು ಸಲ ತಟ್ಟಿ ಎಂಜಿನ್ನನ್ನು ನಾವೇ ಮೇಲಕ್ಕೆ ತರಬೇಕು.

ಇದನ್ನು ವಿಡಿಯೋಗಳಲ್ಲಿ ನೋಡಿದ್ದೆ. ರ‍್ಯಾಲಿ ಓಡಿಸುವವರ ವಿದ್ಯೆ, ಮಾವನಿಗೆ ಹೊಸದಿರಬಹುದು ಅಂತ ವಿವರಿಸಿದೆ. ಅವರು ಪೂರ್ತಿ ಕೇಳಿ, "ಡಬಲ್ ಕ್ಲಚ್ ಅಲ್ವಾ ಮಗಾ, ಜೀಪಲ್ಲಿ ದಿನಾ ಮಾಡ್ತಿದ್ದೆ" ಅಂದರು.

ಅವರ ಹಳೇ ಮಹೀಂದ್ರ ಜೀಪಿಗೆ ಮೂರೇ ಗೇರ್. ಮೊದಲನೇ ಗೇರಿಗೆ ಸಿಂಕ್ರೊಮೆಶ್ ಇಲ್ಲ. ಸಿಂಕ್ರೊಮೆಶ್ ಅಂದರೆ, ನನ್ನ ಪೋಲೊದಲ್ಲಿ ಪ್ರತಿ ಗೇರಿಗೂ ಒಂದು ಉಂಗುರ ಇದೆ. ಅದು ಉಜ್ಜಿಕೊಂಡು ಎರಡು ಬದಿಯ ವೇಗವನ್ನು ಒಂದು ಮಾಡುತ್ತದೆ, ಆಮೇಲೆ ಗೇರ್ ಬೀಳುತ್ತದೆ. ಜೀಪಿನ ಮೊದಲನೇ ಗೇರಿನಲ್ಲಿ ಆ ಕೆಲಸ ಡ್ರೈವರಿನದು. ಕ್ಲಚ್ ಒತ್ತು, ನ್ಯೂಟ್ರಲ್, ಕ್ಲಚ್ ಬಿಡು, ಆಕ್ಸಿಲರೇಟರ್ ತಟ್ಟು, ಮತ್ತೆ ಕ್ಲಚ್ ಒತ್ತು, ಗೇರ್ ಹಾಕು. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಎಂಜಿನ್ ಗೇರ್‌ಬಾಕ್ಸಿನ ಶಾಫ್ಟನ್ನೂ ವೇಗಕ್ಕೆ ತರುತ್ತದೆ. ನಾನು ಚಿಕ್ಕವಳಿದ್ದಾಗ ಪ್ರತಿ ತಿರುವಿಗೂ ಕೇಳಿದ ಆ ಸದ್ದು ಇದೇ. ಇಷ್ಟು ವರ್ಷ ಅದು ಏನು ಅಂತ ಗೊತ್ತಿರಲಿಲ್ಲ.

ಮಾವ ಹೇಳಿಕೊಟ್ಟದ್ದು ಹೀಗೆ. ಸೂಜಿ ನೋಡಬೇಡ, ಕಿವಿ ಕೊಡು. ಎರಡನೇ ಗೇರಿನಲ್ಲಿ ಈ ವೇಗಕ್ಕೆ ಎಂಥ ಸದ್ದು ಬರುತ್ತದೆ ಅಂತ ಮೊದಲು ನೆನಪಿಟ್ಟುಕೋ. ತಟ್ಟುವಾಗ ಆ ಸದ್ದಿಗೆ ತಟ್ಟು. ಸಂಜೆಯವರೆಗೆ ಅಪ್ಪಂಗಳದ ರಸ್ತೆಯಲ್ಲಿ ಹೋಗಿ ಬಂದೆ. ಹತ್ತರಲ್ಲಿ ಆರು ಸಲ ಮುಗ್ಗರಿಸಲಿಲ್ಲ.

ಅಕ್ಟೋಬರ್ 5

ಅಮ್ಮನನ್ನು ಕೂರಿಸಿಕೊಂಡು ಭಾಗಮಂಡಲಕ್ಕೆ, ಅಲ್ಲಿಂದ ತಲಕಾವೇರಿಗೆ. ತುಲಾ ಸಂಕ್ರಮಣದ ಜನಜಂಗುಳಿಗೆ ಮುಂಚೆ ಹೋಗಿ ಬರೋಣ ಅಂದಿದ್ದರು. ಭಾಗಮಂಡಲದಿಂದ ಮೇಲಿನ ಎಂಟು ಕಿಲೋಮೀಟರ್ ಎರಡನೇ ಗೇರ್, ಮೂರು, ಮತ್ತೆ ಎರಡು. ಅಮ್ಮನಿಗೆ ತಿರುವುಗಳಲ್ಲಿ ವಾಂತಿ ಬರುವುದು ಮೊದಲಿನಿಂದಲೂ ಇದೆ. ಇವತ್ತು ಬರಲಿಲ್ಲ. ಕೈಯಲ್ಲಿದ್ದ ನಿಂಬೆಹಣ್ಣನ್ನು ಮೂಸದೆ ಹಾಗೇ ವಾಪಸ್ ತಂದರು.

ಬ್ರೇಕ್ ಒತ್ತುತ್ತಲೇ ಅದೇ ಕಾಲಿನ ಬದಿಯಿಂದ ಆಕ್ಸಿಲರೇಟರ್ ತಟ್ಟುವುದು ಇನ್ನೂ ಬಂದಿಲ್ಲ. ಬ್ರೇಕ್ ಆಳಕ್ಕೆ ಒತ್ತಿದಾಗ ಮಾತ್ರ ಎರಡು ಪೆಡಲ್ ಒಂದೇ ಮಟ್ಟಕ್ಕೆ ಬರುತ್ತವೆ. ಮೆತ್ತಗೆ ಬ್ರೇಕ್ ಹಿಡಿಯುವಾಗ ಕಾಲು ಸಿಗುವುದಿಲ್ಲ. ಅಮ್ಮ ಇರುವಾಗ ಪ್ರಯತ್ನಿಸಲಿಲ್ಲ.

ಅಕ್ಟೋಬರ್ 12

ಮಾವ ಜೀಪಿಗೆ ಹೊಸ ಬ್ಯಾಟರಿ ತಂದಿದ್ದರು. ಎರಡು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಸ್ಟಾರ್ಟ್ ಮಾಡಿ, ಕೆಳಗಿಳಿದು, ಬಾಗಿಲಿಲ್ಲದ ಕಡೆಯಿಂದ ನನಗೆ ಕೈ ತೋರಿಸಿದರು. ಕ್ಲಚ್ ಕಲ್ಲಿನ ಹಾಗೆ ಗಟ್ಟಿ. ಕಣದಲ್ಲಿ ಎರಡನೇ ಗೇರಿನಲ್ಲಿ ಸುತ್ತು ಹಾಕುತ್ತಾ, ನಿಲ್ಲಿಸದೆ ಮೊದಲನೇ ಗೇರಿಗೆ ಬರಲು ಪ್ರಯತ್ನಿಸಿದೆ. ಮೊದಲ ಸಲ ಗೇರ್ ಕಿರುಚಿತು. ಎರಡನೇ ಸಲವೂ ಕಿರುಚಿತು. ಮೂರನೇ ಸಲ ಸ್ವಲ್ಪ ಜಾಸ್ತಿ ತಟ್ಟಿದೆ. ಸದ್ದಿಲ್ಲದೆ ಬಿತ್ತು.

ಮಾವ ಕಣದ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ.